ಸಂಡೂರು ಕಣಿವೆಯ ನೀರಿನ ನಕ್ಷೆ: ಭೂಛೇದ ಕಾಗದಕ್ಕಿಳಿಯಿತು

ಸಂಡೂರು ಪಟ್ಟಣವನ್ನು ಹಾದು ಎರಡೂ ಬದಿಯ ಬೆಟ್ಟಸಾಲುಗಳನ್ನು ಕೂಡಿಸುವ ಭೂಛೇದವನ್ನು, ಅಂದರೆ ನೆಲವನ್ನು ಉದ್ದಕ್ಕೆ ಕತ್ತರಿಸಿ ಪಕ್ಕದಿಂದ ನೋಡಿದಂತೆ ಒಳಗಿನ ಪದರ ತೋರಿಸುವ ಚಿತ್ರವನ್ನು, ಈ ವಾರ ಬರೆದು ಮುಗಿಸಿದೆ. ಬೇಸಿಗೆಯಲ್ಲಿ ಟೇಪು ಇಳಿಬಿಟ್ಟು ಅಳೆದ ತೆರೆದ ಬಾವಿಗಳ ನೀರಿನ ಮಟ್ಟವೂ ಅದೇ ಹಾಳೆಯ ಮೇಲಿದೆ. ಮಟ್ಟದ ಗೆರೆ ಬೆಟ್ಟದ ಬುಡದಿಂದ ನಾರಿಹಳ್ಳದ ಕಡೆಗೆ ಇಳಿಯುತ್ತದೆ.

ಇಲ್ಲಿನ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಸಮುದ್ರದ ತಳದಲ್ಲಿ ಕೂತ ಕಬ್ಬಿಣ, ಸಿಲಿಕಾ (ಮರಳಿನಲ್ಲಿರುವ ಖನಿಜ), ಕೆಸರು, ಲಾವಾ ಎಲ್ಲವೂ ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು. ಹಾಳೆಹಾಳೆಯಾಗಿ ಸೀಳುವ ಮೆದು ಕಲ್ಲುಗಳಾದ ಶಿಸ್ಟ್, ಫಿಲೈಟ್ ಸವೆದು ಕಣಿವೆಯಾಯಿತು, ಕಬ್ಬಿಣ ಮತ್ತು ಸಿಲಿಕಾ ಪಟ್ಟೆಪಟ್ಟೆಯಾಗಿ ಕೂಡಿದ ಗಟ್ಟಿ ಪಟ್ಟೆಶಿಲೆ ಬೆಟ್ಟವಾಗಿ ಉಳಿಯಿತು. ಆ ಗೋಡೆಯನ್ನೂ ನಾರಿಹಳ್ಳ ಓಬಳಗಂಡಿ, ಭೀಮಗಂಡಿ ಎಂಬ ಇಕ್ಕಟ್ಟಾದ ಕಂಡಿಗಳಲ್ಲಿ ಸೀಳಿಕೊಂಡು ಹರಿದಿದೆ. ಎಷ್ಟು ಸಲ ನೋಡಿದರೂ ನನಗೆ ತಣಿಯದ ಜಾಗಗಳು ಅವು.

ಕಣಿವೆಯ ತಳದ ಕಲ್ಲು ತಾನಾಗಿ ನೀರು ಹಿಡಿಯುವುದಿಲ್ಲ. ನೀರಿರುವುದು ಬಿಸಿಲು ಮಳೆಗೆ ಸಡಿಲಾದ ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಒಬ್ಬರ ಹೊಲದ ಬೋರಿನಲ್ಲಿ ಎರಡಿಂಚು ನೀರು, ಬದುವಿನಾಚೆ ಬರೀ ಧೂಳು ಎಂಬುದಕ್ಕೆ ಇದೇ ಕಾರಣ.

ಬೆಟ್ಟದ ಕಥೆ ಬೇರೆ. ಮಳೆನೀರು ಯುಗಯುಗಗಳ ಕಾಲ ಸಿಲಿಕಾವನ್ನು ಕರಗಿಸಿ ಒಯ್ದದ್ದರಿಂದಲೇ ಪಟ್ಟೆಶಿಲೆ ಅಲ್ಲಲ್ಲಿ ಉತ್ತಮ ಅದಿರಾಯಿತು. ಸಿಲಿಕಾ ಹೋದ ಕಡೆ ಸಣ್ಣ ಸಣ್ಣ ತೆರಪು ಉಳಿಯಿತು. ಮಳೆ ಅಲ್ಲಿ ಇಂಗುತ್ತದೆ. ಅಡಿಯ ಫಿಲೈಟ್ ತಡೆದಾಗ ಪಕ್ಕಕ್ಕೆ ಸರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ಇಲ್ಲಿನ ಬೆಟ್ಟದಲ್ಲಿರುವ ಹರಿಶಂಕರದ ತೀರ್ಥವೂ ಹೀಗೇ ಹುಟ್ಟಿರಬೇಕು ಎಂದು ನನ್ನ ಲೆಕ್ಕ. ಅಂದರೆ ಅದಿರಿನ ಪದರವೇ ಈ ಕಣಿವೆಯ ನೀರಿನ ತೊಟ್ಟಿ. ಅದನ್ನು ಲಾರಿಗೆ ತುಂಬಿದಷ್ಟೂ ತೊಟ್ಟಿ ಕುಗ್ಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, 2013ರಲ್ಲಿ ಷರತ್ತುಗಳೊಂದಿಗೆ ಮತ್ತೆ ಬಿಟ್ಟಿತು. ಮರ ನೆಡುವುದು, ಚೆಕ್‌ಡ್ಯಾಂ ಕಟ್ಟುವುದು ಬೇಕೇ ಬೇಕು, ಆದರೆ ಹೋದ ಪದರವನ್ನು ಅವು ತಂದುಕೊಡಲಾರವು. ಗಣಿ ಗುತ್ತಿಗೆಯ ಪ್ರತಿ ನಕ್ಷೆಯಲ್ಲೂ ಒರತೆಗಳು ಕಾಣಲೇಬೇಕು ಎಂದು ನಾನು ಹಟ ಹಿಡಿದಿರುವುದು ಅದಕ್ಕೇ.

ಮುಂದಿನ ಕೆಲಸ ಭೀಮಗಂಡಿಯದು. ಅಲ್ಲಿ ಗಟ್ಟಿ ಕಲ್ಲು ಹಳ್ಳಕ್ಕೆ ಅಡ್ಡವಾಗಿ ಮೇಲೆದ್ದಿದೆ, ನೆಲದಡಿಯ ನೀರಿಗೂ ದಾರಿ ಕಿರಿದು. ಹಾಗಿದ್ದರೆ ಗಂಡಿಯ ಮೇಲ್ಭಾಗದ ಬಾವಿಗಳಲ್ಲಿ ನೀರು ನೆಲಕ್ಕೆ ಹತ್ತಿರ ಇರಬೇಕು, ಬೇಸಿಗೆಯಲ್ಲೂ ಹೆಚ್ಚು ಇಳಿಯಬಾರದು. ಮುಂಗಾರು ಮುಗಿದ ಮೇಲೊಮ್ಮೆ, ಮುಂದಿನ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅವೇ ಬಾವಿಗಳನ್ನು ಅಳೆಯುತ್ತೇನೆ.