ಹೊಸ ಆವೃತ್ತಿ ಬರುತ್ತಿದೆ, ಜನಕ್ಕೆ ಏನಂತ ಹೇಳೋದು?

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಒಳಗನ್ನು ನೋಡಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗೆಳೆಯರು ಬಿಡುಗಡೆಗೆ ವಾರವಿದೆ ಅನ್ನುವಾಗ ಫೋನ್ ಮಾಡುತ್ತಾರೆ. "ಕೆಲಸ ಮುಗೀತು, ಪ್ರಚಾರಕ್ಕೆ ನಾಲ್ಕು ಮಾತು ಬೇಕು, ಏನು ಬರೆಯೋಣ?" ಜೊತೆಗೆ ಏನೇನು ಬದಲಾಗಿದೆ ಎಂಬ ಪಟ್ಟಿ, ಉದ್ದನೆಯ ಚೇಂಜ್‌ಲಾಗ್ ಕಳಿಸುತ್ತಾರೆ. ನಾನು ಅದನ್ನು ತೆರೆಯುವ ಮೊದಲು ಒಂದು ಮಾತು ಕೇಳುತ್ತೇನೆ: ಇದನ್ನು ಹಾಕಿಕೊಂಡ ಮರುದಿನ ಯಾರಿಗೆ ಯಾವ ತಾಪತ್ರಯ ತಪ್ಪುತ್ತದೆ?

ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ 12ನೇ ಆವೃತ್ತಿ ನೋಡಿ. 2023ರ ಜೂನ್ 10ರಂದು ಬಂತು. 11,089 ಹೊಸ ಪ್ಯಾಕೇಜು (ಹಾಕಿಕೊಳ್ಳಲು ಸಿದ್ಧವಾದ ತಂತ್ರಾಂಶದ ಕಟ್ಟು), ಒಟ್ಟು 64,419 ಎಂದು ಪ್ರಕಟಣೆ ಲೆಕ್ಕ ಕೊಟ್ಟಿತ್ತು. ಅಷ್ಟನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹಳೇ ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಅವನಿಗೆ ದೊಡ್ಡ ಸುದ್ದಿ ಬೇರೆಯೇ ಇತ್ತು: ವೈಫೈ ಕಾರ್ಡಿನಂಥ ಭಾಗಗಳನ್ನು ನಡೆಸುವ, ಆದರೆ ನೋಡಿ ತಿದ್ದುವ ಹಕ್ಕು ಕೊಡದ, ಅಂದರೆ ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರಿನೊಳಗೇ ಸೇರಿತ್ತು. ಅದಕ್ಕೆ ಮುಂಚೆ ಎಷ್ಟೋ ವೈಫೈ ಕಾರ್ಡುಗಳಿಗೆ ಬೇಕಾದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತರಬೇಕಿತ್ತು. ನಾನಾಗಿದ್ದರೆ ಮೊದಲ ಸಾಲಿಗೇ ಹೀಗೆ ಬರೆಯುತ್ತಿದ್ದೆ: "ವೈಫೈಗಾಗಿ ಪೆನ್‌ಡ್ರೈವ್ ಹಿಡಿದು ಓಡಾಡುವ ಕೆಲಸ ಇನ್ನು ಬಹಳ ಜನಕ್ಕೆ ಇಲ್ಲ." ಎರಡನೇ ಸಾಲಿನಲ್ಲಿ, ಇದನ್ನು 2022ರಲ್ಲಿ ಡೆವಲಪರುಗಳೇ ಮತ ಹಾಕಿ ನಿರ್ಧರಿಸಿದರು, ಬೇಡವೆನ್ನುವವರು ಅದನ್ನು ಬಿಟ್ಟೇ ಇನ್‌ಸ್ಟಾಲ್ ಮಾಡಬಹುದು ಎಂದು ಸೇರಿಸುತ್ತಿದ್ದೆ. ಮುಕ್ತ ತಂತ್ರಾಂಶವೇ ಇರಬೇಕೆಂಬ ತತ್ವಕ್ಕಾಗಿಯೇ ಡೆಬಿಯನ್ ಬಳಸುವವರಿಗೆ ಆ ಎರಡನೇ ಸಾಲನ್ನು ಹೇಳಲೇಬೇಕು.

"ವೇಗ ಹೆಚ್ಚಿದೆ" ಅನ್ನುವ ಮಾತು ಬಂದರೆ, ಯಾವುದಕ್ಕಿಂತ ಎಂದು ಕೇಳುತ್ತೇನೆ. 2017ರ ನವೆಂಬರಿನಲ್ಲಿ ಬ್ರೌಸರ್ ಫೈರ್‌ಫಾಕ್ಸ್ 57 ಬಂದಾಗ, ಅದನ್ನು ಮಾಡಿದ ಮೊಜಿಲ್ಲಾದವರು ಆರು ತಿಂಗಳ ಹಿಂದಿನ ಫೈರ್‌ಫಾಕ್ಸ್‌ಗಿಂತ ಎರಡು ಪಟ್ಟು ವೇಗ ಎಂದು ಹೇಳಿಕೊಂಡರು. ಹೋಲಿಕೆ ತನ್ನದೇ ಹಳೆಯ ಆವೃತ್ತಿಯ ಜೊತೆ, ಆದ್ದರಿಂದ ಯಾರು ಬೇಕಾದರೂ ಎರಡನ್ನೂ ಓಡಿಸಿ ನೋಡಬಹುದು. ಅದೇ ಬಿಡುಗಡೆಯಲ್ಲಿ, ಬ್ರೌಸರಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಹಳೇ ಮಾದರಿಯ ಆಡ್‌-ಆನ್‌ಗಳು ನಿಂತುಹೋದವು. ಇಂಥದ್ದನ್ನು ಕೊನೆಯ ಪುಟದ ಸಣ್ಣ ಅಕ್ಷರಕ್ಕೆ ತಳ್ಳಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ಅಪ್‌ಡೇಟ್ ಒತ್ತಿದ ಮೇಲೆ ದಿನಾ ಬಳಸುವ ಸೌಲಭ್ಯ ಕಾಣದೆ ಹೋದರೆ, ಮುಂದಿನ ಸಲ ನಾವು ಹೇಳಿದ್ದನ್ನು ಅವರು ಯಾಕೆ ನಂಬಬೇಕು?

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಫ್ರೀ ಎಂಬ ಒಂದೇ ಪದ ಬೆಲೆಯನ್ನೂ ಸ್ವಾತಂತ್ರ್ಯವನ್ನೂ ಹೊತ್ತು ಗೊಂದಲ ಮಾಡುತ್ತದೆ. ನಮಗೆ ಉಚಿತ ಬೇರೆ, ಮುಕ್ತ ಬೇರೆ. ದುಡ್ಡಿನ ಮಾತಿಗೆ ಉಚಿತ, ತಿದ್ದುವ ಹಂಚುವ ಹಕ್ಕಿಗೆ ಮುಕ್ತ ಎಂದು ಬರೆದರೆ ಸಾಕು, ಲೈಸೆನ್ಸನ್ನು ವಿವರಿಸುವ ಅರ್ಧ ಶ್ರಮ ಉಳಿಯುತ್ತದೆ.

ಬರೆದದ್ದನ್ನು ನನ್ನ ಅಕ್ಕನಿಗೆ ಓದಿ ಹೇಳುತ್ತೇನೆ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಚೇಂಜ್‌ಲಾಗ್ ಕಂಡವಳಲ್ಲ. ಮಾರನೇ ದಿನ ಫೋನ್ ಮಾಡಿ, "ಅಕ್ಕಾ, ನಿನ್ನೆ ಓದಿದ್ನಲ್ಲ, ಏನದು?" ಅಂತ ಕೇಳುತ್ತೇನೆ. ಅವಳು ಹೇಳಿದ್ದನ್ನು ಹಾಗೇ ಬರೆದುಕೊಂಡು ಗೆಳೆಯರಿಗೆ ಕಳಿಸುತ್ತೇನೆ, ಮೊದಲ ಸಾಲಿಗೆ.