ಇಂಗ್ಲಿಷರ ಕಾಲದಲ್ಲೇ ಮುಂಬೈಯಲ್ಲಿ ಇಷ್ಟು ಗಿರಣಿ ಹೇಗೆ ಎದ್ದವು?

ಊರಿಂದ ಬಂದ ನೆಂಟರನ್ನು ಪರೇಲ್ ಕಡೆ ಕರೆದುಕೊಂಡು ಹೋದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮಾಲ್‌ಗಳ ನಡುವೆ ಉಳಿದ ಹಳೆಯ ಚಿಮಣಿ ನೋಡಿ, "ಇಂಗ್ಲಿಷರು ನಮ್ಮ ಬಟ್ಟೆ ಉದ್ಯಮ ಮುಗಿಸಿದರು ಅಂತೀರಿ. ಅವರು ಇದನ್ನೆಲ್ಲ ಕಟ್ಟೋಕೆ ಬಿಟ್ಟರಾ?" ಅಂತಾರೆ.

ಬಿಟ್ಟರು. ಅವರಲ್ಲೇ ಒಮ್ಮತ ಇರಲಿಲ್ಲ, ಅದಕ್ಕೆ. ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆಯಾದ ಲಂಕಾಶೈರಿನ ಬಟ್ಟೆ ವ್ಯಾಪಾರಿಗಳಿಗೆ ನಮ್ಮ ಗಿರಣಿ ಕಂಡರೆ ಆಗದು. ಅದೇ ಲಂಕಾಶೈರಿನ ಓಲ್ಡ್‌ಹ್ಯಾಮ್‌ನಲ್ಲಿದ್ದ ಪ್ಲಾಟ್ ಬ್ರದರ್ಸ್ ಕಂಪನಿ ನೂಲುವ ಯಂತ್ರಗಳನ್ನು ಮುಂಬೈಗೇ ಮಾರುತ್ತಿತ್ತು! ಮುಂಬೈಯ ಪಾರ್ಸಿ ವ್ಯಾಪಾರಿ ಕಾವಸ್‌ಜಿ ದಾವರ್ 1854ರಲ್ಲಿ ಕಂಪನಿ ಕಟ್ಟಿ ತಾಡ್ದೇವ್‌ನಲ್ಲಿ ಶುರುಮಾಡಿದ ಗಿರಣಿಯ ಹಿಂದೆ ಎಷ್ಟೋ ಗಿರಣಿಗಳು ಬಂದವು.

ನಿಜವಾದ ಜಗ್ಗಾಟ ಸುಂಕದ್ದು. 1874ರ ಹೊತ್ತಿಗೆ ಆಮದು ಬಟ್ಟೆಗೆ ಶೇಕಡಾ 5, ನೂಲಿಗೆ 3.5 ಸುಂಕವಿತ್ತು. ಇದು ಮುಂಬೈ ಗಿರಣಿಗಳಿಗೆ ರಕ್ಷಣೆ, ತೆಗೆಯಿರಿ ಅಂತ ಲಂಕಾಶೈರಿನ ಬಟ್ಟೆ ಪೇಟೆ ಮ್ಯಾಂಚೆಸ್ಟರ್ ಪಟ್ಟು ಹಿಡಿಯಿತು. ವೈಸ್‌ರಾಯ್ ನಾರ್ತ್‌ಬ್ರೂಕ್ ಒಪ್ಪಲಿಲ್ಲ. ಆತ ನಮ್ಮ ಪರ ಅಂದುಕೊಳ್ಳಬೇಡಿ, ಖಜಾನೆಯ ಪರ. ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ, ಅಂದರೆ ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಸಾಲ್ಸ್‌ಬರಿಗೆ ಲಂಕಾಶೈರಿನ ವೋಟಿನ ಚಿಂತೆ. 1876ರಲ್ಲಿ ನಾರ್ತ್‌ಬ್ರೂಕ್ ಹುದ್ದೆ ಬಿಟ್ಟು ಹೋದ. ನಂತರ ಬಂದ ಲಿಟನ್ 1879ರಲ್ಲಿ ತನ್ನದೇ ಕೌನ್ಸಿಲ್ಲಿನ ಬಹುಮತವನ್ನು ಬದಿಗೊತ್ತಿ ಒರಟು ಬಟ್ಟೆಯ ಸುಂಕ ಎತ್ತಿದ. ಆಗಷ್ಟೇ ದೊಡ್ಡ ಬರ ಮುಗಿದಿತ್ತು, ಅಫ್ಘಾನ್ ಯುದ್ಧ ನಡೆಯುತ್ತಿತ್ತು, ಬೊಕ್ಕಸ ಬರಿದಾಗಿತ್ತು. ಆದರೂ ಎತ್ತಿದ! 1882ರಲ್ಲಿ ಉಳಿದದ್ದೂ ಹೋಯಿತು.

ರೂಪಾಯಿ ಬೆಲೆ ಕುಸಿದು ದುಡ್ಡಿಗೆ ತತ್ವಾರವಾದಾಗ, 1894ರಲ್ಲಿ ಸುಂಕ ವಾಪಸ್ ಬಂತು. ಲಂಡನ್ ಸುಮ್ನೆ ಬಿಡುತ್ತದೆಯೇ? ಮುಂಬೈ ಗಿರಣಿಗಳೂ ಸುಂಕ ಕಟ್ಟಲಿ ಅಂದಿತು. 1896ರಲ್ಲಿ ಆಮದು ಬಟ್ಟೆಗೆ 3.5, ಇಲ್ಲಿಯ ಗಿರಣಿ ಬಟ್ಟೆಗೂ 3.5. ಇಡೀ ಕತೆಯಲ್ಲಿ ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ತನ್ನ ಆಳ್ವಿಕೆಯ ಗಿರಣಿಗೆ ತಾನೇ ದಂಡ ಹಾಕುವ ಸರ್ಕಾರ, ಅದೂ ಪರವೂರಿನ ವ್ಯಾಪಾರಿಗೆ ನೋವಾಗಬಾರದು ಅಂತ.

1917ರಲ್ಲಿ ಲಂಡನ್ ಬಗ್ಗಿತು. ಮೊದಲ ಮಹಾಯುದ್ಧಕ್ಕೆ ಭಾರತ 10 ಕೋಟಿ ಪೌಂಡ್ ಕೊಡಬೇಕಿತ್ತಲ್ಲ! ಆಮದು ಸುಂಕ 7.5ಕ್ಕೆ ಏರಿತು, ಇಲ್ಲಿಯದು 3.5ರಲ್ಲೇ ನಿಂತಿತು. ಲಂಕಾಶೈರ್ ಕೂಗಾಡಿತು, ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಜಗ್ಗಲಿಲ್ಲ.

ಇಲ್ಲಿಯ ಸುಂಕ ಹೋಗಲು ಮಾತ್ರ ಮುಷ್ಕರ ಬೇಕಾಯಿತು. 1925ರಲ್ಲಿ ಮಾಲೀಕರು ಕೂಲಿಯಲ್ಲಿ ಶೇಕಡಾ 11.5 ಕಡಿತ ಮಾಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ಸರ್ಕಾರ ಸುಂಕ ತಡೆಹಿಡಿಯಿತು, ಮಾಲೀಕರು ಕೂಲಿಯನ್ನು ಮೊದಲಿನಷ್ಟೇ ಮಾಡಿದರು.