ಟೈರಿನ ಮೇಲಿನ ನಾಲ್ಕು ಅಂಕಿ

ಮೊನ್ನೆ ಮೊನ್ನೆ ಕೊಂಡ ಹಳೆಯ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಟೈರನ್ನು ಇಂದು ಬೆಳಿಗ್ಗೆ ಒರೆಸುವಾಗ 1109 ಎಂಬ ಅಂಕಿ ಕಂಡಿತು. ಅಂದರೆ ಅದು 2009ರ 11ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಸವೆದಿಲ್ಲ, ನೋಟಕ್ಕೆ ಹೊಸದೇ. ಆದರೆ ನಿಂತಲ್ಲೇ ನಿಂತರೂ ರಬ್ಬರು ಗಡಸಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ.

ತುಮಕೂರಿನ ಗೆಳೆಯರೆಲ್ಲ ಕಾರಿಗೆ ಬಣ್ಣ ಯಾವಾಗ ಎಂದೇ ಕೇಳುತ್ತಾರೆ. ನನಗೋ ದೇವರಾಯನದುರ್ಗದ ಇಳಿಜಾರಿನ ತಿರುವುಗಳದೇ ಯೋಚನೆ. ಬ್ರೇಕ್ ಆಯಿಲ್ ವರ್ಷಗಳ ಕಾಲ ಗಾಳಿಯ ತೇವವನ್ನು ಹೀರಿಕೊಂಡಿದ್ದರೆ, ಇಳಿಯುವಾಗ ಬ್ರೇಕು ಕಾದು ಆ ನೀರು ಆವಿಯಾಗಿ, ಒತ್ತಿದ ಪೆಡಲ್ ಬ್ರೇಕು ಹಿಡಿಯದೆ ಸುಮ್ಮನೆ ನೆಲ ಮುಟ್ಟಬಹುದು. ಆದ್ದರಿಂದ ಬ್ರೇಕ್ ಆಯಿಲ್, ಅದರ ರಬ್ಬರ್ ಪೈಪು ಮತ್ತು ಟೈರುಗಳಿಗೇ ಮೊದಲ ಹಣ. ಪೆಟ್ರೋಲ್ ಪೈಪುಗಳದು ಮುಂದಿನ ಸರದಿ. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ.

ಬಾಗಿಲ ಕೆಳಗಿನ ಉದ್ದನೆಯ ಉಕ್ಕಿನ ಪಟ್ಟಿಗಳಾದ ಸಿಲ್‌ಗಳ ತುಕ್ಕನ್ನೂ ನೋಡಬೇಕು. ಪ್ರತ್ಯೇಕ ಚಾಸಿ (ಅಡಿ ಚೌಕಟ್ಟು) ಇಲ್ಲದ ಈ ಗಾಡಿಗೆ ಅವೇ ಬೆನ್ನೆಲುಬು. ಅಲ್ಲಿ ವೆಲ್ಡಿಂಗ್ ಮುಗಿಸದೆ ಬಣ್ಣ ಹೊಡೆಸುವುದು ದುಡ್ಡಿಗೆ ದಂಡ. 1798 ಸಿಸಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಆಸೆ (ಇಲ್ಲವೆಂದರೆ ಸುಳ್ಳಾದೀತು) ಮುಂದಿನ ವರ್ಷಕ್ಕಿರಲಿ. ಹರಿದ ಸೀಟಿಗೆ ಸದ್ಯಕ್ಕೊಂದು ಟವೆಲ್ ಸಾಕು.